ಆಶ್ರಯ ಮನೆ ಕೊಳ್ಳುವ ಮುಂಚೆ ಹಕ್ಕುಪತ್ರದ ಹಿಂಬದಿ ಓದಿ

ನನಗೆ ಎರಡನೇ ವಯಸ್ಸಿನಲ್ಲಿ ಪೋಲಿಯೊ ಆಗಿ ಎಡಗಾಲು ಹೋಯಿತು. ಸರ್ಟಿಫಿಕೇಟ್‌ನಲ್ಲಿ 75 ಪರ್ಸೆಂಟ್ ಅಂಗವೈಕಲ್ಯ ಅಂತ ಬರೆದಿದೆ. ತಿಂಗಳಿಗೆ 1,400 ರೂಪಾಯಿ ಪಿಂಚಣಿ, ಅದೂ ತಿಂಗಳು ತಿಂಗಳು ಸರಿಯಾಗಿ ಬಂದರೆ ಪುಣ್ಯ. ಜೊತೆಗೆ ಒಂದು ಹೊಲಿಗೆ ಮಷಿನ್. ನನ್ನ ಹಾಗೆ ಇರುವ ಯಾರಾದರೂ ಈಗ ಇಂಥದ್ದೇ ಮನೆ ನೋಡುತ್ತಿದ್ದರೆ ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ.

ಬಾಡಿಗೆ ಮನೆಗೆ ಏಳು ಮೆಟ್ಟಿಲು. ಮಳೆಗಾಲದಲ್ಲಿ ಎರಡು ಸಲ ಬಿದ್ದೆ. ಅವ್ವ ಹಟ ಹಿಡಿದಳು, ಚಿಕ್ಕದಾದರೂ ಸರಿ, ನೆಲದ ಮೇಲಿನ ಮನೆ ಬೇಕು ಅಂತ. 2019ರಲ್ಲಿ ಬ್ರೋಕರ್ ಒಬ್ಬ ಆಶ್ರಯ ಕಾಲೋನಿಯಲ್ಲಿ, ಅಂದರೆ ಸರ್ಕಾರ ಬಡವರಿಗೆ ಹಂಚಿದ ಮನೆಗಳ ಸಾಲಿನಲ್ಲಿ, ಒಂದು ಮನೆ ತೋರಿಸಿದ. ಇಪ್ಪತ್ತು ಮೂವತ್ತರ ಸೈಟು, ಒಂದು ಹಾಲು, ಅಡುಗೆಮನೆ, ಹಿಂದೆ ಬಚ್ಚಲು. ಹಂಚಿಕೆ ಆಗಿದ್ದು ಒಬ್ಬ ಅಜ್ಜಿ ಹೆಸರಿಗೆ, 2014ರಲ್ಲಿ. ಮಗನಿಗೆ ದುಡ್ಡಿನ ಅರ್ಜೆಂಟು. 3,80,000ಕ್ಕೆ ಮಾತಾಯಿತು.

ಹಕ್ಕುಪತ್ರ, ಅಂದರೆ ಹಂಚಿಕೆ ಮಾಡಿದಾಗ ಸರ್ಕಾರ ಕೊಟ್ಟ ಪತ್ರ, ತೋರಿಸಿ ಅಂದೆ. ಅಜ್ಜಿ ಗೋಡೆ ಕಡೆ ಕೈ ತೋರಿಸಿತು. ದೇವರ ಫೋಟೋಗಳ ಸಾಲಿನಲ್ಲಿ ಹಕ್ಕುಪತ್ರಕ್ಕೂ ಕಟ್ಟು ಹಾಕಿಸಿ, ಗಾಜಿನ ಮೇಲೆ ಕುಂಕುಮ ಇಟ್ಟಿದ್ದರು. ಹೆಸರು, ಸೈಟ್ ನಂಬರ್, ಚೆಕ್ಕುಬಂದಿ, ಸೀಲು ಎಲ್ಲ ಇತ್ತು. ಬ್ರೋಕರ್ ಮೊಬೈಲಲ್ಲಿ ಫೋಟೋ ಹೊಡೆದು ಜೆರಾಕ್ಸ್ ಮಾಡಿಸಿ ಕೊಟ್ಟ. ಷರತ್ತುಗಳು ಇದ್ದದ್ದು ಹಿಂಬದಿಯಲ್ಲಿ. ಕಟ್ಟು ಬಿಚ್ಚಿ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಬ್ಯಾಂಕಿನಲ್ಲಿ ಜೆರಾಕ್ಸ್ ನೋಡಿದ ಸಾಹೇಬರು "ಇದರ ಮೇಲೆ ಸಾಲ ಬರಲ್ಲ" ಅಂದರು. ನನ್ನ ಕಾಲು ನೋಡಿ ಹೇಳುತ್ತಿದ್ದಾರೆ ಅಂದುಕೊಂಡೆ. ಅಂಥದ್ದು ಎಷ್ಟು ಸಲ ಆಗಿಲ್ಲ ಹೇಳಿ? ಸಿಟ್ಟು ಮಾಡಿಕೊಂಡು ಎದ್ದು ಬಂದೆ. ಅವತ್ತು ಕಾರಣ ಏನು ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಇಸಿ, ಅಂದರೆ ಆಸ್ತಿ ಮೇಲೆ ರಿಜಿಸ್ಟರ್ ಆದ ವ್ಯವಹಾರ ತೋರಿಸುವ ಋಣಭಾರ ಪತ್ರ, ತೆಗೆಸಿದರೆ ನಿಲ್ ಬಂತು. "ನೋಡಿ ಅಣ್ಣ, ಎಷ್ಟು ಕ್ಲೀನ್ ಇದೆ" ಅಂದ ಬ್ರೋಕರ್. ರಿಜಿಸ್ಟರ್ ಆದ ವ್ಯವಹಾರ ಯಾವುದೂ ಇಲ್ಲ ಅಂದರೆ ನಿಲ್ ಬರದೆ ಇನ್ನೇನು ಬರುತ್ತದೆ?

ಅವ್ವನ ಬಳೆ, ಚೀಟಿ ದುಡ್ಡು, ಸಂಘದ ಸಾಲ, ಎಲ್ಲ ಸೇರಿಸಿ ಕೊಟ್ಟೆ. ಛಾಪಾ ಕಾಗದದ ಮೇಲೆ ಅಗ್ರಿಮೆಂಟು, ಅಜ್ಜಿ ಬರೆದುಕೊಟ್ಟ ಒಂದು ಜಿಪಿಎ (ಅಧಿಕಾರ ಪತ್ರ), ನೋಟರಿ ಸೀಲು. "ಅವಧಿ ಮುಗಿದ ಮೇಲೆ ರಿಜಿಸ್ಟರ್ ಮಾಡಿಕೊಡ್ತಾರೆ, ಈ ಲೈನಲ್ಲಿ ಅರ್ಧ ಮನೆ ಹಿಂಗೇ ಕೈ ಬದಲಾಗಿರೋದು" ಅಂದ ಬ್ರೋಕರ್. ಏನವಧಿ ಅಂತ ಕೇಳಿದ್ದಕ್ಕೆ "ಅದೇನೋ ಫಾರ್ಮಾಲಿಟಿ" ಅಂದ. ಜಿಪಿಎ ಮೇಲೆ ಮನೆ ಮಾರಿದರೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅದು ನನಗೆ ಗೊತ್ತಾಗಿದ್ದು ವಕೀಲರ ಮುಂದೆ ಕೂತಾಗ.

ಇನ್ನೊಂದು 40,000 ಹಾಕಿ ಬಾಗಿಲಿಗೆ ಇಳಿಜಾರು ಮಾಡಿಸಿದೆ, ಕಮೋಡ್ ಕೂರಿಸಿದೆ, ಬಚ್ಚಲ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿದೆ. ನಾಲ್ಕು ವರ್ಷ ಚೆನ್ನಾಗೇ ಇದ್ದೆವು. ಯಾರ ಸಹಾಯವೂ ಇಲ್ಲದೆ ಸ್ನಾನ ಮಾಡಿದ್ದು ಅಲ್ಲೇ, ಸುಳ್ಳು ಯಾಕೆ ಹೇಳಲಿ.

2023ರಲ್ಲಿ ಅಜ್ಜಿ ತೀರಿಕೊಂಡಿತು. ತಿಂಗಳೊಳಗೆ ಗಂಡನ ಮನೆಯಿಂದ ಇಬ್ಬರು ಹೆಣ್ಣುಮಕ್ಕಳು ಬಂದರು, ನಾವೆಲ್ಲಿ ಸೈನ್ ಮಾಡಿದ್ದೇವೆ ಅಂತ. ನ್ಯಾಯವೇ ಅಲ್ವಾ? ಜಿಪಿಎ ಬರೆದುಕೊಟ್ಟವರು ಸತ್ತರೆ ಸಾಮಾನ್ಯವಾಗಿ ಅದೂ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಮನೆಯಲ್ಲಿ ಇರುವವರು ಯಾರು ಅಂತ ಸರ್ಕಾರದ ಕಡೆಯಿಂದ ಪರಿಶೀಲನೆ ಬಂತು, ಹಿಂದೆಯೇ ನೋಟಿಸು. ಅದರಲ್ಲಿ ಹಿಂಬದಿಯ ಷರತ್ತು ಪೂರ್ತಿ ಟೈಪ್ ಮಾಡಿದ್ದರು. 15 ವರ್ಷ ಮಾರುವಂತಿಲ್ಲ, ಪರಭಾರೆ (ಬೇರೆಯವರಿಗೆ ವರ್ಗಾವಣೆ) ಮಾಡುವಂತಿಲ್ಲ, ಮಾಡಿದರೆ ಹಂಚಿಕೆ ರದ್ದು. ನಮ್ಮದರಲ್ಲಿ 15 ವರ್ಷ ಇತ್ತು. ಬೇರೆ ಯೋಜನೆಯ ಪತ್ರದಲ್ಲಿ ಬೇರೆ ಇರಬಹುದು, ನಿಮ್ಮ ಕೈಲಿರುವುದನ್ನೇ ಓದಿ.

ಮನೆ ಬಿಡಬೇಕಾಯಿತು. ಬ್ರೋಕರ್ ನಂಬರ್ ಬದಲಾಗಿತ್ತು. ಅಜ್ಜಿಯ ಮಗ ನಾಲ್ಕು ಜನರ ಮುಂದೆ ಕೂತು 1,20,000 ವಾಪಸ್ ಕೊಟ್ಟ, ಕಂತಿನಲ್ಲಿ. ಕೋರ್ಟಿಗೆ ಹೋಗುವ ಶಕ್ತಿ ನನಗಿರಲಿಲ್ಲ.

ಹೊಟ್ಟೆ ಉರಿಯುವ ಮಾತು ಬೇರೆಯೇ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಸರ್ಕಾರದ ವಸತಿ ಯೋಜನೆಗಳಲ್ಲಿ ನಮಗೆ 5 ಪರ್ಸೆಂಟ್ ಮೀಸಲು, ಅದರಲ್ಲೂ ಹೆಂಗಸರಿಗೆ ಆದ್ಯತೆ. ಅಂಗವೈಕಲ್ಯ 40 ಪರ್ಸೆಂಟ್ ಇದ್ದರೂ ಸಾಕು, ಸಿಗುತ್ತದೆ. ಸಂಘದ ಸಾಲ ಮಾಡಿ ಇನ್ನೊಬ್ಬರ ಆಶ್ರಯ ಮನೆ ಕೊಳ್ಳುವ ಬದಲು ನನ್ನ ಹೆಸರಿಗೇ ಅರ್ಜಿ ಹಾಕಬಹುದಿತ್ತು. ಇದನ್ನು ಹೇಳಿದ್ದು ನಮ್ಮ ವಾರ್ಡಿಗೆ ಬರುವ ಯುಆರ್‌ಡಬ್ಲ್ಯು (ಅಂಗವಿಕಲರಿಗಾಗಿ ಇರುವ ನಗರ ಪುನರ್ವಸತಿ ಕಾರ್ಯಕರ್ತ), ಆತನೂ ನನ್ನ ಹಾಗೇ ಕೋಲು ಹಿಡಿದವನು. ಹಳ್ಳಿಯವರಾದರೆ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಹಿಡಿಯಿರಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆದಾಯ ಪತ್ರ ಜೊತೆಗಿರಲಿ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಇಸಿದುಕೊಳ್ಳಿ, ನಾಳೆ ಬಾ ಅಂದರೆ ಅಲ್ಲೇ ಕೂತಿರಿ.

ಕೊಳ್ಳಲೇಬೇಕು ಅಂದರೆ ಅಸಲು ಹಕ್ಕುಪತ್ರ ಕಟ್ಟು ಬಿಚ್ಚಿಸಿ ಎರಡೂ ಬದಿ ಓದಿಸಿಕೊಳ್ಳಿ. ಅದನ್ನು ಹಿಡಿದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಇವತ್ತೇ ಕ್ರಯಪತ್ರ (ಸೇಲ್ ಡೀಡ್) ಆಗುತ್ತದಾ ಅಂತ ಕೇಳಿ. ಆಗಲ್ಲ ಅಂದರೆ ಎದ್ದು ಬನ್ನಿ. ಕ್ರಯಪತ್ರ ರಿಜಿಸ್ಟರ್ ಆಗದೆ ಮನೆ ನಿಮ್ಮದಲ್ಲ, ನೋಟರಿ ಎಷ್ಟು ಸೀಲು ಒತ್ತಿದರೂ.

ನನ್ನ ಅರ್ಜಿ ಹೋದ ವರ್ಷ ಹಾಕಿದೆ. "ನೀವು ಆಗಲೇ ಆಶ್ರಯ ಮನೆಯಲ್ಲಿ ಇದ್ದಿರಲ್ಲ" ಅಂತ ಒಂದು ಸಲ ವಾಪಸ್ ಕಳಿಸಿದ್ದರು. ಅದು ನನ್ನದಲ್ಲ ಅಂತ ತೋರಿಸಲು ಅವರೇ ಕೊಟ್ಟ ನೋಟಿಸನ್ನು ಜೆರಾಕ್ಸ್ ಮಾಡಿಸಿ ಲಗತ್ತಿಸಿದೆ. ಮನೆ ಬಿಡುವಾಗ ಸ್ಟೀಲ್ ಹಿಡಿಕೆ ಬಿಚ್ಚಿಕೊಂಡು ಬಂದಿದ್ದೇನೆ. ಇಳಿಜಾರು ಅಲ್ಲೇ ಇದೆ, ಈಗ ಅದರ ಮೇಲೆ ಬೈಕ್ ಹತ್ತಿಸುತ್ತಾರಂತೆ.