ಮಳೆಗಾಲದ ಒಣಗಿಸುವ ಯಂತ್ರ: ಸುಕೇಳಿಗೆ ಸೈ, ಹಪ್ಪಳಕ್ಕೆ ಬಿಸಿಲೇ ಬೇಕು

ಶಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಹಲಸಿನ ಹಪ್ಪಳ, ಅಕ್ಕಿ ಸಂಡಿಗೆ, ಸಂಡಿಗೆ ಮೆಣಸುಗಳೆಲ್ಲ ಮಳೆ ಹಿಡಿಯುವ ಮೊದಲೇ ಡಬ್ಬಿ ಸೇರಬೇಕು. ಆಮೇಲೆ ಒಣಗಿಸಬೇಕಾದದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು. ಗ್ಯಾಸ್ ಬಂದ ಮನೆಗಳಲ್ಲಿ ಆ ಅಟ್ಟವೂ ಈಗ ಕೆಲಸಕ್ಕೆ ಬರುವುದಿಲ್ಲ. ಈ ಕೊರತೆ ನೀಗಲೆಂದು ಕೊಂಡ, ಆರು ತಟ್ಟೆಗಳ ವಿದ್ಯುತ್ ಯಂತ್ರವೊಂದನ್ನು ಮಳೆಗಾಲವಿಡೀ ಬಳಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಇದರ ಫ್ಯಾನ್ ಹಿಂಬದಿಯಲ್ಲಿದೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಏಕೆಂದರೆ ತಳದಲ್ಲಿ ಫ್ಯಾನ್ ಇರುವ ಯಂತ್ರಗಳಲ್ಲಿ ಕೆಳಗಿನ ತಟ್ಟೆ ಬೇಗ ಒಣಗಿ ಮೇಲಿನದು ಹಸಿಯಾಗಿಯೇ ಉಳಿಯುವುದರಿಂದ, ತಟ್ಟೆಗಳನ್ನು ಆಗಾಗ ಅದಲುಬದಲು ಮಾಡುತ್ತಿರಬೇಕಾಗುತ್ತದೆ.

ಯಂತ್ರದ ನಿಜವಾದ ಗುಣ ಕಂಡದ್ದು ಸುಕೇಳಿಯಲ್ಲಿ, ಅಂದರೆ ಒಣಗಿಸಿದ ಬಾಳೆಹಣ್ಣಿನಲ್ಲಿ. ಚೆನ್ನಾಗಿ ಕಳಿತ ಹಣ್ಣನ್ನು ಉದ್ದಕ್ಕೆ ಸೀಳಿ, ಒಂದಕ್ಕೊಂದು ತಾಗದಂತೆ ಜೋಡಿಸಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ, ಹೊಗೆಯ ವಾಸನೆಯಿಲ್ಲದ, ಬಾಗಿಸಿದರೆ ಬಾಗುವ ಆದರೆ ಬೆರಳಿಗೆ ಅಂಟದ ಕಂದುಬಣ್ಣದ ಸುಕೇಳಿ ಸಿದ್ಧವಾಗುತ್ತದೆ. ಬೇಗ ಮುಗಿಯಲೆಂದು ಶಾಖ ಏರಿಸಬಾರದು. ಹೊರಮೈ ಗಟ್ಟಿ ಕಟ್ಟಿದರೆ ಒಳಗಿನ ನೀರಿಗೆ ದಾರಿ ಮುಚ್ಚಿ, ಒಣಗಿದಂತೆ ಕಂಡ ಹಣ್ಣು ಡಬ್ಬಿಯಲ್ಲಿ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ತೆಗೆದು ಆರಿಸಿದ ಹಣ್ಣನ್ನು ಗಾಜಿನ ಭರಣಿಯಲ್ಲಿ ಮುಕ್ಕಾಲು ಭಾಗ ತುಂಬಿ, ಒಂದು ವಾರ ದಿನವೂ ಕುಲುಕಿ ನೋಡಬೇಕು. ಒಳಮೈಯಲ್ಲಿ ನೀರಿನ ಹನಿ ಕಂಡರೆ ಮತ್ತೆ ತಟ್ಟೆಗೆ ಹಾಕಬೇಕು. ಇಷ್ಟು ಮುಖ್ಯವಾದ ವಿಷಯ ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿ ಎಲ್ಲಿಯೂ ಇಲ್ಲದಿರುವುದು ಸರಿಯಲ್ಲ.

ಮಳೆ ಶುರುವಾಗುವ ಹೊತ್ತಿಗೂ ಹಣ್ಣು ಸಿಗುತ್ತಲೇ ಇರುವ ಮುರುಗಲಿನ (ಕೋಕಂ) ಸಿಪ್ಪೆಗೂ ಇದು ದೊಡ್ಡ ಉಪಕಾರ. ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಮತ್ತೆ ಮತ್ತೆ ಒಣಗಿಸುವಾಗ ತೊಟ್ಟಿಕ್ಕುವ ಕೆಂಪು ರಸಕ್ಕೆ ತಳದಲ್ಲೊಂದು ಖಾಲಿ ತಟ್ಟೆ ಇಡುವುದು ಒಳ್ಳೆಯದು. ಕರಿಬೇವು, ಮೆಂತ್ಯಸೊಪ್ಪುಗಳನ್ನು 40 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿದರೆ ಬಣ್ಣವೂ ಘಮವೂ ಉಳಿಯುತ್ತವೆ.

ಹಪ್ಪಳಕ್ಕೆ ಮಾತ್ರ ಇದನ್ನು ನಂಬಿ ಕೊಳ್ಳಬಾರದು. ಒಂದು ತಟ್ಟೆಗೆ ಹಿಡಿಸುವುದು ಕೆಲವೇ ಹಪ್ಪಳ. ಅದೂ ಗಾಳಿಗೆ ಅಂಚು ಸುರುಟಿ, ಜಾಲರಿಗೆ ಅಂಟಿಕೊಂಡು, ಬಿಡಿಸುವಾಗ ಹರಿಯುತ್ತದೆ. ಅಂಗಳದ ಚಾಪೆಯ ಮೇಲೆ ಒಂದು ಇಡೀ ಹಲಸಿನಕಾಯಿಯ ಹಪ್ಪಳವನ್ನು ಬಿಸಿಲು ಖರ್ಚಿಲ್ಲದೆ ಒಣಗಿಸಿಕೊಡುತ್ತದೆ.

ವಿದ್ಯುತ್ ಖರ್ಚು ಭಯಪಡುವಷ್ಟಿಲ್ಲ. 400 ವ್ಯಾಟ್‌ನ ಯಂತ್ರ 10 ಗಂಟೆ ನಿಲ್ಲದೆ ಪೂರ್ತಿ ಶಕ್ತಿಯಲ್ಲಿ ಓಡಿದರೂ 4 ಯುನಿಟ್ ಆಗುತ್ತದೆ. ಆದರೆ ಕರೆಂಟು ಹೋಗಿ ಬಂದರೆ ಈ ಯಂತ್ರ ತಾನಾಗಿ ಮತ್ತೆ ಶುರುವಾಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇದು ದೊಡ್ಡ ದೋಷವೇ, ರಾತ್ರಿ ಹಚ್ಚಿಟ್ಟ ಹಣ್ಣು ಬೆಳಗಾಗುವಷ್ಟರಲ್ಲಿ ಹುಳಿಯುತ್ತದೆ. ನಮ್ಮ ಕಡೆಯವರು ಕೊಳ್ಳುವುದಾದರೆ ಕರೆಂಟು ಬಂದೊಡನೆ ತಾನೇ ಶುರುವಾಗುವ ಯಂತ್ರವನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿ ಕೊಳ್ಳಲಿ.