‘ಹೊಸಬರಿಗೆ ಹಾಗೆ ಅನಿಸುತ್ತದೆ’ ಎನ್ನುವವರಿಂದ ಬೈಕ್ ಕೊಳ್ಳಬೇಡಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆಯಿಂದ ಮಂಗಳೂರಿಗೆ ಹೋಗಿ ಹಳೆಯ ಬೈಕ್ ಕೊಳ್ಳಬೇಕೆಂದಿರುವವರು, ಅದರಲ್ಲೂ ಲೈಸೆನ್ಸ್ ಈಗಷ್ಟೇ ಕೈಗೆ ಬಂದವರು, ಮುಂಗಡ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ಅಂಗಡಿಯ ಹೆಸರು ಹೇಳುವುದಿಲ್ಲ. ಗ್ರಾಹಕರ ಆಯೋಗಕ್ಕೆ ದೂರು ಹೋಗಿದೆ, ಹೆಸರು ಅಲ್ಲಿ ಬರಲಿ. ನೀವು ಹೋಗುವ ಅಂಗಡಿ ಬೇರೆಯೇ ಇರಬಹುದು. ಆದರೆ ಬೈಕಿನ ಯಾವ ದೋಷ ತೋರಿಸಿದರೂ “ಹೊಸಬರಿಗೆ ಹಾಗೆ ಅನಿಸುತ್ತದೆ ಅಕ್ಕ” ಎಂಬ ಉತ್ತರ ಬಂದರೆ ಎದ್ದು ಬನ್ನಿ. ಬೊಂಡ ತರಿಸಿ ಕುಡಿಸಿದರೂ ಎದ್ದು ಬನ್ನಿ. ನನಗೆ ತರಿಸಿದ್ದರು.

ನನಗೆ ಬೇಕಾಗಿದ್ದುದು 100 ಸಿಸಿಯ ಸಾಧಾರಣ ಬೈಕ್, ಸ್ಪ್ಲೆಂಡರ್ ತರಹದ್ದು. ಹೆಂಗಸು ಸ್ಕೂಟರ್ ಬಿಟ್ಟು ಬೈಕ್ ಯಾಕೆ ಕೊಳ್ಳುತ್ತಾಳೆ ಎಂದು ಕೇಳದವರಿಲ್ಲ. ಡಾಮರು ರಸ್ತೆಯಿಂದ ನಮ್ಮ ಮನೆಗೆ ಇಳಿಯುವುದು ಮುರಕಲ್ಲಿನ ದಾರಿ, ಮಳೆಗಾಲದಲ್ಲಿ ನೀರು ಕೊರೆದು ಅದು ಅರ್ಧ ತೋಡೇ ಆಗಿರುತ್ತದೆ. ಸ್ಕೂಟರಿನ ಸಣ್ಣ ಚಕ್ರ ಅಲ್ಲಿ ಸಿಕ್ಕಿಬೀಳುತ್ತದೆ, 18 ಇಂಚಿನ ಚಕ್ರ ದಾಟುತ್ತದೆ. ಇಷ್ಟೇ ಕಾರಣ. ಕಲಿತದ್ದೂ ಬೈಕಿನಲ್ಲೇ. 2024ರ ಆಗಸ್ಟಿನಿಂದ ಕೇರಳದಲ್ಲಿ ಎಂಟು ಹಾಕುವ, ಅಂದರೆ 8ರ ಆಕಾರದಲ್ಲಿ ಓಡಿಸಿ ತೋರಿಸುವ ಲೈಸೆನ್ಸ್ ಪರೀಕ್ಷೆಗೆ ಕೈಯಲ್ಲಿ ಗೇರ್ ಹಾಕುವ ಎಂ80 ಗಾಡಿ ನಡೆಯುವುದಿಲ್ಲ, ಕಾಲಿನಲ್ಲಿ ಗೇರ್ ಹಾಕುವ ಬೈಕೇ ಆಗಬೇಕು. ಡ್ರೈವಿಂಗ್ ಶಾಲೆಯ ಸ್ಪ್ಲೆಂಡರಿನಲ್ಲಿ ಎಂಟು ಹಾಕಿ ಪಾಸಾದೆ. ಎಂಜಿನ್ 97.2 ಸಿಸಿ, ತೂಕ ಸುಮಾರು 112 ಕಿಲೋ, ಸೀಟಿನ ಎತ್ತರ 785 ಮಿಲಿಮೀಟರ್. ಎರಡೂ ಪಾದಗಳು ನೆಲಕ್ಕೆ ಊರುತ್ತಿದ್ದವು, ವಾಲಿದರೆ ಹಿಡಿದು ನಿಲ್ಲಿಸಲು ಆಗುತ್ತಿತ್ತು. ಹೊಸದಾಗಿ ಕಲಿತವರಿಗೆ ಇದಕ್ಕಿಂತ ಬೇರೇನು ಬೇಕು?

ಮಂಗಳೂರಿಗೆ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಪ್ರಶ್ನೆ ಕೇಳಿದ್ದು ನಾನು, ಉತ್ತರ ಹೋದದ್ದು ಪೂರ್ತಿ ಅವನಿಗೆ. ಹಣ ನನ್ನದು, ಲೈಸೆನ್ಸ್ ನನ್ನದು, ಅವನಿಗೆ ಬೈಕಿನ ಗೇರ್ ಹಾಕಲು ಬರುತ್ತದೆ ಎನ್ನುವುದನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಆದರೂ ಅಂಗಡಿಯವರ ಕಣ್ಣು ಅವನ ಮೇಲೆಯೇ. 100 ಸಿಸಿಯದು ಇದೆಯೇ ಎಂದರೆ “ನಿನ್ನೆಯಷ್ಟೇ ಹೋಯಿತು.” ಇದನ್ನು ನೀವೆಲ್ಲ ಕೇಳಿರುತ್ತೀರಿ, ಹಳೆಯ ಗಾಡಿಯ ಅಂಗಡಿಯಲ್ಲಿ ನಮಗೆ ಬೇಕಾದದ್ದು ಯಾವಾಗಲೂ ನಿನ್ನೆಯಷ್ಟೇ ಹೋಗಿರುತ್ತದೆ. ಆಮೇಲೆ ಒಂದು 150 ಸಿಸಿಯನ್ನು ಹೊರಗೆ ತಂದು ನಿಲ್ಲಿಸಿದರು. 2018ರ ಮಾಡೆಲ್, ಒಬ್ಬರೇ ಓನರ್, ಮೀಟರಿನಲ್ಲಿ 14 ಸಾವಿರ ಕಿಲೋಮೀಟರು ಚಿಲ್ಲರೆ, 52,000 ರೂಪಾಯಿ.

ಇದು ಭಾರ ಎಂದೆ. “ಹೊಸಬರಿಗೆ ಹಾಗೆ ಅನಿಸುತ್ತದೆ ಅಕ್ಕ. 100 ಸಿಸಿ ತೆಗೆದುಕೊಂಡರೆ ಆರು ತಿಂಗಳಲ್ಲಿ ಬೇಸರ ಬಂದು ಪುನಃ ನಮ್ಮಲ್ಲಿಗೇ ಬರುತ್ತೀರಿ.” ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ, ಇದೆಯೇ ಎಂದೆ. ಮುಂದಿನ ಚಕ್ರಕ್ಕೆ ಬೆರಳು ತೋರಿಸಿ “ಡಿಸ್ಕ್ ಇದೆಯಲ್ಲ, ಅದೇ” ಎಂದರು. ಅದೇ ಅಂತೆ! 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಇದು 2018ರದ್ದು, ಇದರಲ್ಲಿ ಡಿಸ್ಕ್ ಮಾತ್ರ ಇತ್ತು. ಎಬಿಎಸ್ ಇದ್ದರೆ ಡಿಸ್ಕಿನ ಪಕ್ಕದಲ್ಲಿ ಸುತ್ತಲೂ ಸೀಳುಗಳಿರುವ ಇನ್ನೊಂದು ಸಣ್ಣ ಬಳೆಯೂ ಅದರತ್ತ ಮುಖ ಮಾಡಿದ ಸೆನ್ಸರಿನ ವಯರೂ ಇರುತ್ತವೆ, ಬಗ್ಗಿ ನೋಡಿದರೆ ಕಾಣುತ್ತವೆ. ಅಂಗಡಿಯ ಮುಂದಿನ ಸಮತಟ್ಟು ಜಾಗದಲ್ಲಿ ಒಂದು ಸುತ್ತು ಓಡಿಸಿ ನೋಡಿದೆ. ಹ್ಯಾಂಡಲ್ ಎಡಕ್ಕೆ ಎಳೆಯುತ್ತಿತ್ತು. ಹೇಳಿದೆ. ಸ್ಪಷ್ಟವಾಗಿ ಹೇಳಿದೆ. “ಹೊಸಬರಿಗೆ ಹಾಗೆ ಅನಿಸುತ್ತದೆ ಅಕ್ಕ, ನಾಲ್ಕು ದಿನ ಓಡಿಸಿದರೆ ಕೈ ಕೂರುತ್ತದೆ.”

ನಾನು ಕೆಲಸ ಮಾಡುವುದು ಸಹಕಾರಿ ಬ್ಯಾಂಕಿನಲ್ಲಿ. ಕಾಗದ ನೋಡುವುದು ನನಗೆ ದಿನದ ಊಟ. ಆರ್‌ಸಿ ನೋಡಿದೆ, ಕೆಎ-21, ಪುತ್ತೂರಿನ ನೋಂದಣಿ. ಸಾಲದ ನಮೂದು ಇರಲಿಲ್ಲ. ಚಾಸಿ ಸಂಖ್ಯೆ ಆರ್‌ಸಿಯೊಂದಿಗೆ ಹೊಂದುತ್ತಿತ್ತು. ವಿಮೆ ಇತ್ತು. ನಾನು ಕೇರಳದವಳು, ಕಾಸರಗೋಡಿನ ಕೆಎಲ್-14 ನೋಂದಣಿಗೆ ಬದಲಾಯಿಸಬೇಕು, ಅದಕ್ಕೆ ಪುತ್ತೂರಿನ ಸಾರಿಗೆ ಕಚೇರಿಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು ಎಂದು ಮೊದಲೇ ಹೇಳಿದೆ. “ಒಂದು ವಾರದಲ್ಲಿ ನಿಮ್ಮ ಮನೆಗೆ ಬರುತ್ತದೆ. ಕಾಸರಗೋಡಿನವರು ನಮ್ಮಲ್ಲಿ ಎಷ್ಟು ಜನ ಕೊಂಡಿಲ್ಲ!” ಎಂದರು. ಯುಪಿಐ ಮೂಲಕ ಹಣ ಹೋಯಿತು. ತಲಪಾಡಿ ದಾಟಿ ಬೈಕನ್ನು ಮನೆಗೆ ತಂದದ್ದು ತಮ್ಮ. ಕುಂಬಳೆಯಲ್ಲಿ ನಿಲ್ಲಿಸಿ ಅವನೂ ಹೇಳಿದ, “ಅಕ್ಕಾ, ಇದು ಎಡಕ್ಕೆ ಎಳೆಯುತ್ತದೆ.” ಅವನು ಹೊಸಬನಲ್ಲ.

ಈಗ ನನ್ನ ಹೊಟ್ಟೆ ಉರಿಸುವ ಭಾಗ. ಬದಿಯಡ್ಕದ ಹತ್ತಿರದ ಒಬ್ಬ ಮೆಕ್ಯಾನಿಕ್ ಬಳಿ ಎಣ್ಣೆ ಬದಲಿಸಲು ಕೊಟ್ಟೆ. ಮಲಯಾಳದ ಹುಡುಗ, ಸ್ವಲ್ಪ ಕನ್ನಡ ಬರುತ್ತದೆ. ಎಣ್ಣೆ ಬಸಿಯಲು ಬಿಟ್ಟು ಸುಮ್ಮನೆ ಬೈಕಿನ ಸುತ್ತ ಬಂದವನು ಬಲಗಡೆಯ ಹಿಡಿಯ ಪಕ್ಕ ಹೆಬ್ಬೆರಳಿಟ್ಟು ನಿಂತ. ಟಕ್ ಎಂದು ಒಂದು ಸ್ವಿಚ್ ಒತ್ತಿದ. ಹೆಡ್‌ಲೈಟ್ ಆರಿತು. ಮತ್ತೆ ಒತ್ತಿದ, ಹತ್ತಿತು. ಆರಿಸಿದ, ಹತ್ತಿಸಿದ. “ಚೇಚಿ, ಇದು ಯಾವ ವರ್ಷದ ಗಾಡಿ?” ಎಂದ. 2018 ಎಂದೆ. “2018ರ ಗಾಡಿಯಲ್ಲಿ ಲೈಟ್ ಆರಿಸುವ ಸ್ವಿಚ್ ಎಲ್ಲಿಂದ ಬಂತು?”

2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಚಾಲೂ ಆದ ಕೂಡಲೇ ತಾನಾಗಿ ಹತ್ತಬೇಕು, ಆರಿಸುವ ಸ್ವಿಚ್ ಇರುವಂತಿಲ್ಲ. ಆರ್‌ಸಿ ಸುಳ್ಳಲ್ಲ, ಚಾಸಿ 2018ರದ್ದೇ. ಆದರೆ ಸ್ವಿಚ್ ಅದಕ್ಕಿಂತ ಹಳೆಯ ಯಾವುದೋ ಬೈಕಿನಿಂದ ಬಿಚ್ಚಿ ತಂದದ್ದು. ಹುಡುಗ ಆಮೇಲೆ ಒಂದೊಂದೇ ತೋರಿಸುತ್ತಾ ಹೋದ. ಹೆಡ್‌ಲೈಟ್ ಹಳೆಯದು. ಹ್ಯಾಂಡಲ್ ಬೇರೆಯದು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು ಕೊಳವೆಗಳಲ್ಲಿ ಒಂದು ಹೊಸದು, ಇನ್ನೊಂದು ಬಾಗಿದ್ದನ್ನು ಒತ್ತಿ ನೇರ ಮಾಡಿದ್ದು, ಅದರ ಮೇಲೆ ಬೆಳ್ಳಿ ಬಣ್ಣ. ಉಗುರಿನಿಂದ ಕೆರೆದರೆ ಬಣ್ಣ ಎದ್ದು ಬರುತ್ತಿತ್ತು. ಬೈಕ್ ಎದುರಿನಿಂದ ಯಾವುದಕ್ಕೋ ಬಲವಾಗಿ ಗುದ್ದಿದೆ, ಗುಜರಿಯ ಮುಂಭಾಗ ಜೋಡಿಸಿ ಮಾರಿದ್ದಾರೆ. ಮೀಟರ್ ಕೂಡ ಅದೇ ಗುಜರಿ ಬೈಕಿನದು. ನಾನು ಸಂತೋಷಪಟ್ಟು ಹಣ ಕೊಟ್ಟ ಆ 14 ಸಾವಿರ ಕಿಲೋಮೀಟರು ಈ ಬೈಕ್ ಓಡಿದ್ದೇ ಅಲ್ಲ!

ಅಲ್ಲಿಂದಲೇ ಫೋನ್ ಮಾಡಿದೆ. ಸ್ವಿಚ್ಚಿನ ವಿಷಯ ಹೇಳಿದೆ. ಬಂದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: “ಅದು ನಿಮಗೆ ಲಾಭವೇ ಅಲ್ಲವೇ ಅಕ್ಕ, ಹಗಲು ಲೈಟ್ ಆರಿಸಿದರೆ ಬ್ಯಾಟರಿ ಉಳಿಯುತ್ತದೆ.” ಮೆಕ್ಯಾನಿಕ್ ಹುಡುಗ ಪಕ್ಕದಲ್ಲೇ ಇದ್ದ, ಫೋನಿನ ಧ್ವನಿ ಅವನಿಗೂ ಕೇಳಿಸಿತು, ತಲೆ ತಗ್ಗಿಸಿಕೊಂಡು ನಕ್ಕ. ಅಷ್ಟು ನಾಚಿಕೆ ನನಗೆ ಬೇರೆಲ್ಲೂ ಆಗಿಲ್ಲ. ಫೋರ್ಕ್ ಬಾಗಿದೆ ಎಂದೆ. “ಇಲ್ಲಿಂದ ಹೋಗುವಾಗ ಸರಿ ಇತ್ತು ಮೇಡಂ. ನೀವು ಕಲಿಯುವವರು, ಎಲ್ಲೋ ಬೀಳಿಸಿರಬೇಕು.” ಬೀಳಿಸಿರಬೇಕು! ಬಾಗಿದ ಕೊಳವೆಗೆ ಬಣ್ಣ ಬಳಿದವಳೂ ನಾನೇ ಇರಬೇಕು.

ಎನ್‌ಒಸಿ ಕಥೆ ಇನ್ನೊಂದು. ಮೊದಲು ಮುಂದಿನ ವಾರ. ಆಮೇಲೆ ಸರ್ವರ್ ಇಲ್ಲ. ಆಮೇಲೆ ಓನರ್ ಗಲ್ಫಿಗೆ ಹೋಗಿದ್ದಾರೆ, ಅವರ ಸಹಿ ಇಲ್ಲದೆ ಆಗುವುದಿಲ್ಲ. ಕೊನೆಗೆ ಪುತ್ತೂರಿನ ಏಜೆಂಟರೊಬ್ಬರಲ್ಲಿ ವಿಚಾರಿಸಿದರೆ ಹೆಲ್ಮೆಟ್ ಇಲ್ಲದ್ದು, ಸಿಗ್ನಲ್ ಹಾರಿದ್ದು ಎಂದು ಬಾಕಿ ದಂಡಗಳ ಸಾಲೇ ಇದೆ, ಅದು ತೀರದೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದರು. ಅಂಗಡಿಯವರನ್ನು ಕೇಳಿದೆ. “ಕೆಎ ನಂಬರಿನಲ್ಲೇ ಓಡಿಸಿ ಮೇಡಂ, ಗಡಿಯವರನ್ನು ಯಾರು ಹಿಡಿಯುತ್ತಾರೆ?” ಯಾರು ಹಿಡಿಯುತ್ತಾರೆ ಎಂದರೆ ಕಾನೂನು ಹಿಡಿಯುತ್ತದೆ. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಅದು. ಗಡಿಯವರಿಗೆ ವಿನಾಯಿತಿ ಎಂದು ಅದರಲ್ಲಿ ಎಲ್ಲೂ ಇಲ್ಲ. ಕೇರಳದ ತೆರಿಗೆ ಬೇರೆ ಕಟ್ಟಬೇಕು, ಆ ಲೆಕ್ಕವನ್ನು ಅಂಗಡಿಯವರು ಬೆಲೆ ಹೇಳುವಾಗ ಎಂದೂ ಸೇರಿಸುವುದಿಲ್ಲ.

ಓನರ್ ಗಲ್ಫಿನಲ್ಲಿ ಎಂಬ ನೆಪವೂ ನಡೆಯುವುದಿಲ್ಲ. 2023ರ ಏಪ್ರಿಲ್ 1ರಿಂದ ಹಳೆಯ ವಾಹನ ಮಾರುವ ಅಂಗಡಿಯವರು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದಿರಬೇಕು, ಅದು ನಮೂನೆ 29ಬಿ. ಓನರ್ ಅವರಿಗೆ ವಾಹನ ಒಪ್ಪಿಸಿದ್ದನ್ನು ನಮೂನೆ 29ಸಿಯಲ್ಲಿ ಇಲಾಖೆಗೆ ತಿಳಿಸಿದ ಮೇಲೆ ಅಂಗಡಿಯವರನ್ನೇ ಓನರ್ ಎಂದು ಪರಿಗಣಿಸಲಾಗುತ್ತದೆ, ಎನ್‌ಒಸಿಗೆ ಅವರೇ ಅರ್ಜಿ ಹಾಕಬಹುದು. ನಿಮ್ಮ 29ಬಿ ತೋರಿಸಿ ಎಂದೆ. “ಅದು ಕಾರಿನವರಿಗೆ ಮೇಡಂ.” ಅಲ್ಲ. ಬೈಕಿಗೂ ಅದೇ ನಿಯಮ. ಅವರಲ್ಲಿ ಅದು ಇರಲಿಲ್ಲ, ಅಷ್ಟೇ.

“ಕೇಸು ಹಾಕುವುದಿದ್ದರೆ ಮಂಗಳೂರಿಗೆ ಬಂದು ಹಾಕಿ” ಎಂದೂ ಹೇಳಿದರು. ಕಾಸರಗೋಡಿನವರು ಬಸ್ಸು ಹತ್ತಿ ವಾಯಿದೆಗೆ ಓಡಾಡುವುದಿಲ್ಲ ಎಂಬ ಧೈರ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅಂಗಡಿ ಯಾವ ರಾಜ್ಯದಲ್ಲಿದ್ದರೂ ಸರಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಸಹಾಯವಾಣಿ 1915. ಯುಪಿಐ ದಾಖಲೆ, ಅವರ ವಾಟ್ಸ್ಆ್ಯಪ್ ಸಂದೇಶ, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ, ಸ್ವಿಚ್ಚಿನ ಫೋಟೋ, ಎಲ್ಲವನ್ನೂ ಇಟ್ಟು ದೂರು ಕೊಟ್ಟಿದ್ದೇನೆ.

“ಬ್ಯಾಂಕಿನಲ್ಲಿ ಕೂತು ಊರಿನವರ ಕಾಗದ ನೋಡುವವಳಿಗೇ ಟೋಪಿ ಹಾಕಿದರಲ್ಲ” ಎಂದು ನಗುವವರು ನಗಲಿ. ನಾನು ನೋಡಿದ ಕಾಗದ ಎಲ್ಲ ಸರಿ ಇತ್ತು ಸ್ವಾಮಿ, ಬೈಕ್ ಸರಿ ಇರಲಿಲ್ಲ.

ನೀವು ಕೊಳ್ಳುವುದಿದ್ದರೆ 100 ಸಿಸಿ ಎಂದು ಹೋದವರು 100 ಸಿಸಿಯನ್ನೇ ತನ್ನಿ, ಇಲ್ಲವೆಂದರೆ ಬರಿಗೈಯಲ್ಲಿ ಬನ್ನಿ. ಆದಷ್ಟು ಕೆಎಲ್-14 ಬೈಕನ್ನೇ ನೋಡಿ, ಸಾವಿರ ಎರಡು ಸಾವಿರ ಹೆಚ್ಚಾದರೂ ಪರವಾಗಿಲ್ಲ. ಹೊರಗಿನದ್ದಾದರೆ ಎನ್‌ಒಸಿ ಕೈಗೆ ಬಂದ ಮೇಲೆ ಪೂರ್ತಿ ಹಣ, ಅಲ್ಲಿಯವರೆಗೆ ಮುಂಗಡ ಮಾತ್ರ. ಬಾಕಿ ದಂಡ ಎಷ್ಟಿದೆ ಎಂದು ಅಂಗಡಿಯವರ ಫೋನಿನಲ್ಲಲ್ಲ, ನಿಮ್ಮ ಫೋನಿನಲ್ಲಿ ನೋಡಿ. ತಮ್ಮ, ಭಾವ, ಅತ್ತಿಗೆ ಯಾರೂ ಬೇಡ, ದಿನದ ಸಂಬಳ ಕೊಟ್ಟು ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ.

ಮೊನ್ನೆ ಅಂಗಡಿಯಿಂದ ಸಂದೇಶ ಬಂದಿದೆ. ದೂರು ಹಿಂತೆಗೆದುಕೊಂಡರೆ ಬೈಕನ್ನು 30,000 ರೂಪಾಯಿಗೆ ವಾಪಸ್ ತೆಗೆದುಕೊಳ್ಳುತ್ತಾರಂತೆ. ಅದನ್ನೂ ಮುದ್ರಿಸಿ ದೂರಿನ ಕಡತಕ್ಕೆ ಸೇರಿಸಿದ್ದೇನೆ.