ಇಯರ್‌ಬುಕ್ ಕೊಳ್ಳುವ ಮುನ್ನ ಡಿಸೆಂಬರ್ ಪುಟ ತೆಗೆಯಿರಿ: 2024ರ ಭಾರತದ ಘಟನಾವಳಿ ಪುಸ್ತಕಗಳ ವಿಮರ್ಶೆ

ಶಿರಸಿ, ಕುಮಟಾ, ಕಾರವಾರದ ಪುಸ್ತಕದಂಗಡಿಗಳಲ್ಲಿ 2024ರ ಭಾರತದ ಘಟನೆಗಳನ್ನು ಒಟ್ಟುಮಾಡಿ ಕೊಡುವ ಕನ್ನಡ ಪುಸ್ತಕಗಳು ಎರಡು ಬಗೆಯಲ್ಲಿ ಸಿಗುತ್ತವೆ. ‘ಇಯರ್‌ಬುಕ್ 2025’ ಎಂದು ಮುಖಪುಟದಲ್ಲಿ ದೊಡ್ಡದಾಗಿ ಅಚ್ಚಾದ ದಪ್ಪ ಪುಸ್ತಕ ಒಂದು. ಪ್ರಚಲಿತ ವಿದ್ಯಮಾನಗಳನ್ನು ಪ್ರಶ್ನೋತ್ತರವಾಗಿಯೋ ತಿಂಗಳವಾರು ಸಾಲುಗಳಾಗಿಯೋ ಕೊಡುವ ತೆಳು ಪುಸ್ತಕ ಇನ್ನೊಂದು. ಪಿಡಿಒ, ಎಫ್‌ಡಿಎ, ಕೆಎಎಸ್‌ನಂಥ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರುವವರು ಇವನ್ನೇ ನಂಬಿಕೊಂಡಿರುತ್ತಾರೆ. ಮೇಷ್ಟ್ರುಗಳು, ಪಂಚಾಯತಿ ಸದಸ್ಯರು, ಊರಿನ ಸುದ್ದಿ ಬರೆಯುವವರೂ ಕೊಳ್ಳುತ್ತಾರೆ. ಇಲ್ಲಿ ಪ್ರಕಾಶಕರ ಹೆಸರು ಹೇಳುತ್ತಿಲ್ಲ. ದೋಷ ಒಬ್ಬರದ್ದಲ್ಲ, ಒಂದು ಪುಸ್ತಕದ ತಪ್ಪು ಅಕ್ಷರಶಃ ಇನ್ನೊಂದಕ್ಕೆ ಇಳಿದಿದೆ. ಹಾಗಾಗಿ ಯಾವ ಪುಸ್ತಕ ಕೈಗೆ ಬಂದರೂ ಅಂಗಡಿಯಲ್ಲೇ ನಿಂತು ಪರೀಕ್ಷಿಸುವ ಬಗೆಯನ್ನೇ ಹೇಳುತ್ತೇವೆ.

ಮೊದಲು ನಿಧನ ವಾರ್ತೆಯ ಪುಟ ತೆಗೆಯಿರಿ. ಎಸ್.ಎಂ. ಕೃಷ್ಣ ಅವರ ಹೆಸರು ಇದೆಯೇ ನೋಡಿ. ಅವರು ತೀರಿಕೊಂಡದ್ದು 2024ರ ಡಿಸೆಂಬರ್ 10ರಂದು. ಹೆಸರಿಲ್ಲವೆಂದರೆ ಪುಸ್ತಕ ಅದಕ್ಕೂ ಮೊದಲೇ ಅಚ್ಚಿಗೆ ಹೋಗಿದೆ ಎಂದರ್ಥ. ಜನವರಿಯ ಮಾರಾಟ ಹಿಡಿಯಬೇಕೆಂದು ಪ್ರಕಾಶಕರು ಅಕ್ಟೋಬರ್ ಕೊನೆಗೇ ಪುಟ ಮುಗಿಸುತ್ತಾರೆ. ಮುಖಪುಟದಲ್ಲಿ 2025 ಎಂದಿದ್ದರೂ ಒಳಗಿರುವುದು 2023ರ ನವೆಂಬರಿನಿಂದ 2024ರ ಅಕ್ಟೋಬರ್‌ವರೆಗಿನ ಸಂಗತಿ. ಹೀಗೆ ಕತ್ತರಿ ಬಿದ್ದ ಎರಡು ತಿಂಗಳು ಸಣ್ಣವಲ್ಲ. ಮಹಾರಾಷ್ಟ್ರ, ಜಾರ್ಖಂಡ್ ವಿಧಾನಸಭೆಗಳ ಫಲಿತಾಂಶ ಬಂದದ್ದು ನವೆಂಬರ್ 23ಕ್ಕೆ. ಚನ್ನಪಟ್ಟಣ, ಶಿಗ್ಗಾಂವಿ, ಸಂಡೂರು ಮೂರೂ ಉಪಚುನಾವಣೆಗಳನ್ನು ಕಾಂಗ್ರೆಸ್ ಗೆದ್ದದ್ದೂ ಅದೇ ದಿನ ಗೊತ್ತಾಯಿತು. ಡಿ. ಗುಕೇಶ್ ಸಿಂಗಪುರದಲ್ಲಿ ವಿಶ್ವ ಚೆಸ್ ಚಾಂಪಿಯನ್ ಆದದ್ದು ಡಿಸೆಂಬರ್ 12. ಒಂದು ದೇಶ ಒಂದು ಚುನಾವಣೆಯ ಸಂವಿಧಾನ (129ನೇ ತಿದ್ದುಪಡಿ) ಮಸೂದೆ ಲೋಕಸಭೆಯಲ್ಲಿ ಮಂಡನೆಯಾದದ್ದು ಡಿಸೆಂಬರ್ 17. ಮನಮೋಹನ್ ಸಿಂಗ್ ನಿಧನ ಡಿಸೆಂಬರ್ 26. ಭಾರತದ 2024ನ್ನು ಇವಿಲ್ಲದೆ ಮುಗಿಸುವುದು ಹೇಗೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಓದುಗರಿಗೆ ಆ ಕತ್ತರಿಯಲ್ಲಿ ಹೋದ ದೊಡ್ಡ ಹೆಸರು ತುಳಸಿ ಗೌಡರದ್ದು. ಸಾವಿರಾರು ಗಿಡ ನೆಟ್ಟು ಬೆಳೆಸಿದ, ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಜ್ಜಿ ತೀರಿಕೊಂಡದ್ದು ಡಿಸೆಂಬರ್ 16ರಂದು. ಅವರ ಪದ್ಮಶ್ರೀ ವಿಷಯದಲ್ಲೂ ಈ ಪುಸ್ತಕಗಳು ಎಡವುತ್ತವೆ. ಪ್ರಶಸ್ತಿ 2020ರ ಪಟ್ಟಿಯದ್ದು, ಹರೇಕಳ ಹಾಜಬ್ಬರ ಹೆಸರಿದ್ದ ಪಟ್ಟಿಯೇ. ಕೋವಿಡ್‌ನಿಂದಾಗಿ ಸಮಾರಂಭ ಮುಂದೆ ಹೋಗಿ, ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಿಂತು ಅವರು ಅದನ್ನು ಸ್ವೀಕರಿಸಿದ್ದು 2021ರ ನವೆಂಬರ್ 8ರಂದು. ಘೋಷಣೆಯ ವರ್ಷ ಬೇರೆ, ಪ್ರದಾನದ ವರ್ಷ ಬೇರೆ ಎಂದು ಎರಡನ್ನೂ ಕೊಟ್ಟ ಪುಸ್ತಕವಾದರೆ ಉಳಿದ ಪ್ರಶಸ್ತಿಗಳ ಪುಟವನ್ನೂ ನೆಚ್ಚಿಕೊಳ್ಳಬಹುದು. 2021 ಎಂದಷ್ಟೇ ಬರೆದಿದ್ದರೆ ಪಟ್ಟಿ ನೋಡದೆ ಸುದ್ದಿ ನೋಡಿ ಬರೆದಿದ್ದಾರೆ. ಹಾಲಕ್ಕಿ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡರು ಹೋದದ್ದು 2025ರ ಫೆಬ್ರುವರಿ 13ಕ್ಕೆ, ಅದು ಮುಂದಿನ ವರ್ಷದ ಪುಸ್ತಕಕ್ಕೆ ಸೇರಬೇಕಾದ್ದು. ಅವರದ್ದು 2017ರ ಪದ್ಮಶ್ರೀ.

ಇನ್ನು ಕಾನೂನಿನ ಅಧ್ಯಾಯ. ಅತಿ ಹೆಚ್ಚು ತಪ್ಪು ಇರುವುದು ಇಲ್ಲೇ, ಅಂಕ ಹೋಗುವುದೂ ಇಲ್ಲೇ. ಒಂದು ಕಾನೂನಿಗೆ ಒಂದೇ ದಿನಾಂಕ ಕೊಟ್ಟು ಕೈತೊಳೆದುಕೊಳ್ಳುವುದು ಇದರ ಮೂಲ. ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಕಾಯ್ದೆಗಳಿಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2023ರ ಡಿಸೆಂಬರ್‌ನಲ್ಲಿ, ರಾಷ್ಟ್ರಪತಿ ಅಂಕಿತ ಬಿದ್ದದ್ದು ಡಿಸೆಂಬರ್ 25ಕ್ಕೆ, ಪೊಲೀಸ್ ಠಾಣೆಯಲ್ಲಿ ಹೊಸ ಕಲಂಗಳು ನಡೆಗೆ ಬಂದದ್ದು 2024ರ ಜುಲೈ 1ಕ್ಕೆ. ಮೂರೂ ಬೇಕು. ಹಳೆಯ ದಂಡಸಂಹಿತೆಯ 511 ಕಲಂಗಳ ಜಾಗದಲ್ಲಿ ನ್ಯಾಯ ಸಂಹಿತೆಯಲ್ಲಿ 358; ಜೊತೆಯ ಎರಡರಲ್ಲಿ, ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 531, ಸಾಕ್ಷ್ಯ ಅಧಿನಿಯಮದಲ್ಲಿ 170. ಈ ಅಂಕಿಗಳು ಎಲ್ಲ ಪುಸ್ತಕಗಳಲ್ಲೂ ಸರಿಯಾಗಿವೆ. ಎಡವಿರುವುದು ಕಲಂ 106(2)ರಲ್ಲಿ. ಅಪಘಾತದಲ್ಲಿ ಸಾವಿಗೆ ಕಾರಣನಾಗಿ ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎನ್ನುವ ಉಪಕಲಂ ಅದು. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ಹೂಡಿದ್ದು ಇದರ ವಿರುದ್ಧವೇ. ಆಮೇಲೆ ಸರ್ಕಾರ ಹೊರಡಿಸಿದ ಅಧಿಸೂಚನೆ ಜುಲೈ 1ಕ್ಕೆ ಉಳಿದ ಕಲಂಗಳನ್ನು ಜಾರಿ ಮಾಡಿ ಇದೊಂದನ್ನು ಹೊರಗಿಟ್ಟಿತು. ಹೆದ್ದಾರಿ 66ರ ಮೇಲೆ ದಿನವೂ ಲಾರಿ ಓಡಿಸುವವರು ಇರುವ ಜಿಲ್ಲೆಯಲ್ಲಿ ‘ಹತ್ತು ವರ್ಷ ಶಿಕ್ಷೆ ಜಾರಿಯಾಗಿದೆ’ ಎಂದು ಅಚ್ಚು ಹಾಕಿ ಮಾರುವುದು ಪರೀಕ್ಷೆಯಾಚೆಗೂ ತೊಂದರೆ ಕೊಡುವ ತಪ್ಪು.

ಇದೇ ಕಣ್ಣಿನಿಂದ ಇನ್ನೆರಡು ಕಾಯ್ದೆ ನೋಡಿ. ಪೌರತ್ವ ತಿದ್ದುಪಡಿ ಕಾಯ್ದೆ 2019ರದ್ದು, ಅದರ ನಿಯಮಗಳು ಪ್ರಕಟವಾದದ್ದು 2024ರ ಮಾರ್ಚ್ 11ಕ್ಕೆ. ಕಾಯ್ದೆಯೇ 2024ರದ್ದು ಎಂದಿದ್ದರೆ ಪುಸ್ತಕ ವಾಪಸ್ ಇಡಿ. ಪ್ರಶ್ನೆಪತ್ರಿಕೆ ಸೋರಿಕೆ ತಡೆಯುವ ಕೇಂದ್ರದ ಕಾಯ್ದೆಗೆ ಅಂಕಿತ ಬಿದ್ದದ್ದು ಫೆಬ್ರುವರಿಯಲ್ಲಿ, ಜಾರಿಯಾದದ್ದು ಜೂನ್ 21ಕ್ಕೆ, ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಗದ್ದಲ ದೇಶವಿಡೀ ಹಬ್ಬಿದ್ದ ವಾರಗಳಲ್ಲಿ. ಈ ನಂಟನ್ನು ಹೇಳದಿದ್ದರೆ ಎರಡು ಸಾಲೂ ಸತ್ತ ಸಾಲು. ದಪ್ಪ ಪುಸ್ತಕಗಳು ಕಾಯ್ದೆಯನ್ನು ‘ಶಾಸನ’ ಅಧ್ಯಾಯದಲ್ಲೂ ನೀಟನ್ನು ‘ಶಿಕ್ಷಣ’ ಅಧ್ಯಾಯದಲ್ಲೂ ಇಟ್ಟು ನಡುವೆ ನೂರಾರು ಪುಟ ತುಂಬಿಸಿವೆ. ತಿಂಗಳವಾರು ಜೋಡಿಸಿದ ತೆಳು ಪುಸ್ತಕದಲ್ಲಿ ಎರಡೂ ಅಕ್ಕಪಕ್ಕ ಬಂದಿರುವುದರಿಂದ ಓದುಗರಿಗೆ ತಾನಾಗಿ ಹೊಳೆಯುತ್ತದೆ. ತೆಳು ಪುಸ್ತಕದ ದೊಡ್ಡ ಗುಣ ಇದು.

ಚುನಾವಣೆಯ ಪುಟಗಳು ಒಟ್ಟಾರೆ ಚೆನ್ನಾಗಿವೆ. ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತ, ಜೂನ್ 4ಕ್ಕೆ ಎಣಿಕೆ, ಬಿಜೆಪಿ 240, ಕಾಂಗ್ರೆಸ್ 99, ಎನ್‌ಡಿಎ 293. ಕರ್ನಾಟಕದಲ್ಲಿ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಇವೆಲ್ಲ ಸರಿ. ಎಡವಟ್ಟು ಆಗುವುದು ಮೂಲೆಗಳಲ್ಲಿ. ಅರುಣಾಚಲ ಮತ್ತು ಸಿಕ್ಕಿಂ ವಿಧಾನಸಭೆಗಳ ಅವಧಿ ಜೂನ್ 2ಕ್ಕೇ ಮುಗಿಯುತ್ತಿದ್ದರಿಂದ ಅಲ್ಲಿಯ ಮತ ಎಣಿಕೆಯನ್ನು ಜೂನ್ 4ರಿಂದ 2ಕ್ಕೆ ಹಿಂದಕ್ಕೆ ತಂದರು. ಆಂಧ್ರ, ಒಡಿಶಾ ಜೊತೆ ಇವನ್ನೂ ಜೂನ್ 4ಕ್ಕೆ ಸೇರಿಸಿದ ಪುಸ್ತಕ ಮೊದಲ ವೇಳಾಪಟ್ಟಿಯನ್ನೇ ನಕಲು ಮಾಡಿದೆ. ಸೂರತ್‌ನಲ್ಲಿ ಅವಿರೋಧ ಆಯ್ಕೆಯಾದ್ದರಿಂದ ಮತದಾನ ನಡೆದದ್ದು 543ರಲ್ಲಲ್ಲ, 542 ಕ್ಷೇತ್ರಗಳಲ್ಲಿ; ಇದನ್ನು ಅಡಿಟಿಪ್ಪಣಿಯಲ್ಲಾದರೂ ಹೇಳಿರುವ ಪುಸ್ತಕಕ್ಕೆ ನಮ್ಮ ಮೆಚ್ಚುಗೆ. ಉತ್ತರ ಕನ್ನಡ ಕ್ಷೇತ್ರ ಮೇ 7ರಂದು ಮತ ಹಾಕಿತು. ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಕಾಂಗ್ರೆಸ್‌ನ ಅಂಜಲಿ ನಿಂಬಾಳ್ಕರ್ ಅವರನ್ನು 3 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಈ ಲೋಕಸಭಾ ಕ್ಷೇತ್ರದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ ಎನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಜಿಲ್ಲೆ ಮತ್ತು ಲೋಕಸಭಾ ಕ್ಷೇತ್ರ ಒಂದೇ ಎಂದುಕೊಂಡು ಅಂಕಿ ಬಳಸುವವರು ಅಲ್ಲೇ ಮುಗ್ಗರಿಸುತ್ತಾರೆ.

ಸುಪ್ರೀಂ ಕೋರ್ಟ್ ತೀರ್ಪುಗಳ ಪುಟ ದಪ್ಪ ಪುಸ್ತಕದಲ್ಲಿ ಬೆಲೆಬಾಳುವಂಥದ್ದು. ಚುನಾವಣಾ ಬಾಂಡ್ ಯೋಜನೆಯನ್ನು ಫೆಬ್ರುವರಿ 15ರಂದು ಐವರ ಪೀಠ ರದ್ದು ಮಾಡಿದ್ದು, ಬಾಂಡ್‌ಗಳ ವಿವರ ಕೊಡಲು ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಕಾಲಾವಕಾಶ ಕೇಳಿದ್ದು, ಮಾರ್ಚ್ 11ಕ್ಕೆ ಅದನ್ನು ತಳ್ಳಿಹಾಕಿದ್ದು, ಮಾರ್ಚ್ 14ಕ್ಕೆ ಚುನಾವಣಾ ಆಯೋಗದ ಜಾಲತಾಣದಲ್ಲಿ ಪಟ್ಟಿ ಬಂದದ್ದು, ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ ದಾರಿ ಮಾಡಿದ ಆಗಸ್ಟ್ 1ರ ತೀರ್ಪು ಏಳು ನ್ಯಾಯಮೂರ್ತಿಗಳ ಪೀಠದ್ದು, ಬಹುಮತ 6:1, ಒಳಮೀಸಲಾತಿ ಸಲ್ಲದು ಎಂದಿದ್ದ 2004ರ ಚಿನ್ನಯ್ಯ ತೀರ್ಪನ್ನು ಅದು ಬದಿಗೆ ಸರಿಸಿತು. ಇದರ ಮುಂದಿನ ಹೆಜ್ಜೆಯಾಗಿ ಕರ್ನಾಟಕ ನವೆಂಬರ್‌ನಲ್ಲಿ ನಾಗಮೋಹನ್ ದಾಸ್ ಆಯೋಗ ನೇಮಿಸಿದ್ದು ಅದೇ ಅಕ್ಟೋಬರ್ ಕತ್ತರಿಯಲ್ಲಿ ಬಿದ್ದುಹೋಗಿದೆ.

ಈಗ ವಿಪತ್ತುಗಳ ಅಧ್ಯಾಯ. ಇಲ್ಲಿ ನಮ್ಮ ತಕರಾರು ಖಾರವಾಗಿಯೇ ಇದೆ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಬೈಂದೂರು ತಾಲೂಕಿನಲ್ಲೂ ಒಂದು ಶಿರೂರು ಇದೆ, ಅದೂ ಹೆದ್ದಾರಿ 66ರ ಮೇಲೆಯೇ. ನಾವು ನೋಡಿದ ಒಂದು ಪುಸ್ತಕ ಇಡೀ ದುರಂತವನ್ನು ಉಡುಪಿ ಜಿಲ್ಲೆಗೆ ಬರೆದುಕೊಟ್ಟಿದೆ. ಉಳಿದವು ‘ಕರ್ನಾಟಕದ ಶಿರೂರಿನಲ್ಲಿ ಭೂಕುಸಿತ, ಕೇರಳದ ಲಾರಿ ಚಾಲಕ ನಾಪತ್ತೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿವೆ. ರಸ್ತೆ ಬದಿಯ ಚಹಾದಂಗಡಿ ಮಣ್ಣಡಿ ಹೋಯಿತು, ಗ್ಯಾಸ್ ಟ್ಯಾಂಕರ್ ಗಂಗಾವಳಿಗೆ ಬಿತ್ತು, ನದಿಗೆ ಇಳಿದ ಮಣ್ಣಿನ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಉಳುವರೆಯ ಹೆಸರು ಒಂದು ಪುಸ್ತಕದಲ್ಲೂ ಇಲ್ಲ. ಗೋವಾದಿಂದ ಹೂಳೆತ್ತುವ ಡ್ರೆಜರ್ ತರಿಸಿ ಆ ಲಾರಿ ಮೇಲೆತ್ತಿದ್ದು ಸೆಪ್ಟೆಂಬರ್ 25ಕ್ಕೆ. ಚತುಷ್ಪಥಕ್ಕಾಗಿ ಗುಡ್ಡವನ್ನು ಕಡಿದಾಗಿ ಕಡಿದ ಬಗ್ಗೆ ಎದ್ದ ಪ್ರಶ್ನೆಯೂ ಸಾಲಿನಲ್ಲಿ ಬರಬೇಕಿತ್ತು. ಮಳೆ ಒಂದೇ ಕಾರಣ ಎಂದು ಓದಿಕೊಂಡ ವಿದ್ಯಾರ್ಥಿ ಮುಂದೆ ಅಧಿಕಾರಿಯಾಗಿ ಇದೇ ಘಟ್ಟಕ್ಕೆ ಬರುತ್ತಾನೆ.

ಆಗಸ್ಟ್ 7ರ ನಸುಕಿನಲ್ಲಿ ಕೋಡಿಬಾಗ–ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿದದ್ದು ಹೆಚ್ಚಿನ ಪುಸ್ತಕಗಳಲ್ಲಿ ಇಲ್ಲವೇ ಇಲ್ಲ. ಲಾರಿ ನದಿಗೆ ಬಿತ್ತು, ಚಾಲಕನನ್ನು ಬದುಕಿಸಿ ತಂದರು. ಸಾವಾಗಲಿಲ್ಲ, ಆದ್ದರಿಂದ ಪಟ್ಟಿಗೆ ಸೇರಲಿಲ್ಲ ಎಂದು ಕಾಣುತ್ತದೆ. ಕಾರವಾರ ಮತ್ತು ಗೋವಾದ ನಡುವಿನ ಹೆದ್ದಾರಿಯ ಸೇತುವೆ ಬೀಳುವುದು ವರ್ಷದ ಘಟನೆಯಲ್ಲವೆಂದರೆ ಯಾವುದು? ಜುಲೈ 30ರ ವಯನಾಡಿಗೆ ಮಾತ್ರ ತಕ್ಕಷ್ಟು ಪುಟ ಸಿಕ್ಕಿದೆ. ಆದರೆ ಸಾವಿನ ಸಂಖ್ಯೆ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಹುಡುಕಾಟ ನಡೆದಂತೆ ಸಂಖ್ಯೆ ಏರುತ್ತದೆ, ಕಾಣೆಯಾದವರನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ‘ಇಂಥ ದಿನಾಂಕದ ವೇಳೆಗೆ’ ಎಂಬ ಮಾತಿಲ್ಲದ ಸಾವಿನ ಅಂಕಿಯನ್ನು ಎಲ್ಲೂ ಬಳಸಬೇಡಿ.

ಈ ಪುಸ್ತಕ ಕೊಳ್ಳುವವರ ಬದುಕಿಗೇ ತಟ್ಟಿದ ಸಂಗತಿಯೂ ಕಾಣೆಯಾಗಿದೆ. ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ತಪ್ಪುತಪ್ಪಾಗಿದ್ದವೆಂದು ಅಭ್ಯರ್ಥಿಗಳು ಬೀದಿಗಿಳಿದರು, ಸರ್ಕಾರ ಮರುಪರೀಕ್ಷೆಗೆ ಸೂಚಿಸಿತು, ಅದು ಡಿಸೆಂಬರ್ 29ಕ್ಕೆ ನಡೆಯಿತು. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯುವವರ ವರ್ಷದಲ್ಲಿ ಇದಕ್ಕಿಂತ ಹತ್ತಿರದ ಸುದ್ದಿ ಇನ್ನೊಂದಿಲ್ಲ.

ಕ್ರೀಡೆ, ಪ್ರಶಸ್ತಿ, ನೇಮಕಾತಿ ಪುಟಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ಚೆನ್ನಾಗಿವೆ. ಐವರಿಗೆ ಭಾರತರತ್ನ ಘೋಷಣೆಯಾದದ್ದು ಮೂರು ಬೇರೆ ದಿನಗಳಲ್ಲಿ ಎಂಬುದನ್ನೂ ಸರಿಯಾಗಿ ಕೊಟ್ಟಿದ್ದಾರೆ.

ಕಾಗದ, ಕಟ್ಟು ನೋಡದೆ ಕರಾವಳಿಯವರು ಪುಸ್ತಕ ಕೊಳ್ಳಬಾರದು. ದಪ್ಪ ಪುಸ್ತಕಗಳೆಲ್ಲ ಅಂಟಿನ ಬೈಂಡಿಂಗ್. ಅಂಗಡಿಯಲ್ಲೇ ನಡುಪುಟದಲ್ಲಿ ಅಗಲಕ್ಕೆ ಬಿಚ್ಚಿ ನೋಡಿ. ಬೆನ್ನಿನಲ್ಲಿ ಅಂಟು ಬಿರುಕು ಬಿಟ್ಟ ಸದ್ದಾದರೆ ಆಷಾಢ ಕಳೆಯುವಷ್ಟರಲ್ಲಿ ಹಾಳೆಗಳು ಬಿಡಿಯಾಗಿ ಕೈಗೆ ಬರುತ್ತವೆ. ಕಾಗದ ನ್ಯೂಸ್‌ಪ್ರಿಂಟ್ ಆದರೆ ಕಾರವಾರದ ಮಳೆಗಾಲದ ತೇವ ಕುಡಿದು ಉಬ್ಬುತ್ತದೆ, ಒಣಗಿದಾಗ ಸುರುಳುತ್ತದೆ, ಅಂಚಿಗೆ ಬೂಷ್ಟು ಹಿಡಿಯುತ್ತದೆ. ಕೊಂಡ ಕೂಡಲೇ ಬೈಂಡಿಂಗ್‌ನವರ ಬಳಿ ಬೆನ್ನಿಗೆ ಮೂರು ಕಡೆ ತೂತು ಹೊಡೆಸಿ ದಾರದ ಹೊಲಿಗೆ ಹಾಕಿಸಿ. ಒಳ ಅಂಚಿನಲ್ಲಿ ಅಕ್ಷರಕ್ಕೂ ಬೆನ್ನಿಗೂ ನಡುವೆ ಒಂದು ಬೆರಳಿನಷ್ಟಾದರೂ ಜಾಗ ಇದ್ದರೆ ಮಾತ್ರ ಈ ಹೊಲಿಗೆ ಸಾಧ್ಯ, ಇಲ್ಲವಾದರೆ ಸಾಲಿನ ಮೊದಲ ಅಕ್ಷರಗಳು ಹೊಲಿಗೆಯೊಳಗೆ ಹೋಗುತ್ತವೆ. ಕಪಾಟಿನಲ್ಲಿ ಗೋಡೆಗೆ ತಾಗಿಸಿ ಇಡಬೇಡಿ, ನುಸಿಗುಳಿಗೆ ಹಾಕಿ.

ಪರೀಕ್ಷೆಗೆ ಓದುವವರಿಗೆ ನಮ್ಮ ಸಲಹೆ: ತಿಂಗಳವಾರು ಇರುವ ತೆಳು ಪುಸ್ತಕ ಕೊಳ್ಳಿ, ತೀರ್ಪು ಮತ್ತು ಕಾನೂನಿಗೆ ದಪ್ಪ ಪುಸ್ತಕವನ್ನು ಗ್ರಂಥಾಲಯದಲ್ಲಿ ನೋಡಿ. ಕಾಯ್ದೆಯ ಪ್ರತಿ ಸಾಲಿನ ಪಕ್ಕ ಮಂಡನೆ, ಅಂಗೀಕಾರ, ಅಂಕಿತ, ಜಾರಿ ಎಂದು ನಾಲ್ಕು ದಿನಾಂಕಗಳಿಗೆ ಪೆನ್ಸಿಲ್‌ನಲ್ಲಿ ಜಾಗ ಮಾಡಿಕೊಂಡು, ರಾಜ್ಯಪತ್ರ ಮತ್ತು ಪಿಐಬಿ (ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ) ಪ್ರಕಟಣೆ ನೋಡಿ ತುಂಬಿ. ನವೆಂಬರ್, ಡಿಸೆಂಬರಿಗೆ ಎರಡು ಹಾಳೆ ಬರೆದು ಕೊನೆಗೆ ಅಂಟಿಸಿ. ಸಂಗ್ರಹಕ್ಕೆಂದು ಕೊಳ್ಳುವ ಶಾಲೆ, ಪಂಚಾಯತಿಗಳಾದರೆ ದಪ್ಪ ಪುಸ್ತಕದ ಎರಡನೇ ಮುದ್ರಣಕ್ಕೆ ಕಾಯುವುದು ಮೇಲು; ಡಿಸೆಂಬರ್ ಸೇರಿಸಿ ಮರುಮುದ್ರಿಸುವ ಪ್ರಕಾಶಕರಿದ್ದಾರೆ. ಅಂಗಡಿಯವರಿಗೆ ಮೊದಲೇ ಹೇಳಿ, ಬಂದ ಪ್ರತಿಯಲ್ಲಿ ಮುದ್ರಣದ ತಿಂಗಳು ನೋಡಿಯೇ ಹಣ ಕೊಡಿ.